ಐಎಲ್‌ಸಿಎ 7: ಶೀಟ್ ಬಿಟ್ಟರೂ ದೋಣಿ ವಾಲುವುದು ನಿಲ್ಲುತ್ತಿಲ್ಲ, ಏನು ಮಾಡಲಿ?

ಪಡುಗಾಳಿ:
ದೋಣಿ ಐಎಲ್‌ಸಿಎ 7, ಅಂದರೆ ಮೊದಲು ಲೇಸರ್ ಸ್ಟ್ಯಾಂಡರ್ಡ್ ಎನ್ನುತ್ತಿದ್ದ, ಒಬ್ಬರೇ ನಡೆಸುವ ಹಾಯಿದೋಣಿ. 12–15 ನಾಟ್ ಗಾಳಿಗೆ ಎದುರಾಗಿ ಹೋಗುವಾಗ ಪೂರ್ತಿ ಹೈಕ್ ಮಾಡಿದರೂ (ದೋಣಿಯಿಂದ ಮೈ ಹೊರಗೆ ಚಾಚಿ ಭಾರ ಹಾಕಿದರೂ) ವಾಲುತ್ತದೆ. ಗಾಳಿ ಬಡಿದಾಗ ಮೇನ್‌ಶೀಟ್ (ಹಾಯಿಯನ್ನು ಒಳಗೆಳೆದು ಹೊರಬಿಡುವ ಹಗ್ಗ) ಅರ್ಧ ಅಡಿ ಬಿಟ್ಟರೆ ವೇಗ ಬೀಳುತ್ತದೆಯೇ ಹೊರತು ದೋಣಿ ನೆಟ್ಟಗಾಗುವುದಿಲ್ಲ. ಚುಕ್ಕಾಣಿಯ ಹಿಡಿ, ಟಿಲ್ಲರ್, ಬೇರೆ ಕೈ ಜಗ್ಗುತ್ತದೆ. ಈಗ ವ್ಯಾಂಗ್ (ಹಾಯಿಯ ಕೆಳಗಿನ ಅಡ್ಡಗೋಲಾದ ಬೂಮನ್ನು ಕೆಳಕ್ಕೆ ಎಳೆಯುವ ಹಗ್ಗ) ಸಡಿಲ, ಕನಿಂಗ್‌ಹ್ಯಾಮ್ (ಹಾಯಿಯ ಮುಂದಿನ ಅಂಚನ್ನು ಕೆಳಕ್ಕೆ ಎಳೆಯುವ ಹಗ್ಗ) ಸುಕ್ಕು ಹೋಗುವಷ್ಟು, ಬೂಮಿಗೂ ಹಾಯಿಯ ಕೆಳಅಂಚಿಗೂ ನಡುವೆ ಒಂದು ಗೇಣು. ಮೊದಲು ಯಾವುದನ್ನು ಸರಿಮಾಡಬೇಕು?

ಹಾಯಿಹಗ್ಗ:
ವ್ಯಾಂಗ್, ಅನುಮಾನವೇ ಬೇಡ. ಈ ದೋಣಿಯ ಮಾಸ್ಟಿಗೆ (ಹಾಯಿಕಂಬಕ್ಕೆ) ಬಿಗಿದು ಹಿಡಿಯುವ ತಂತಿಗಳಿಲ್ಲ; ಅದನ್ನು ಬಾಗಿಸುವುದು ಮುಖ್ಯವಾಗಿ ಮೇನ್‌ಶೀಟ್ ಮತ್ತು ವ್ಯಾಂಗ್. ವ್ಯಾಂಗ್ ಸಡಿಲವಿದ್ದು ಶೀಟ್ ಬಿಟ್ಟರೆ ಬೂಮ್ ಹೊರಗೆ ಸರಿಯುವ ಬದಲು ಮೇಲಕ್ಕೇಳುತ್ತದೆ, ಬಾಗಿದ್ದ ಮಾಸ್ಟ್ ನೆಟ್ಟಗಾಗುತ್ತದೆ, ಹಾಯಿಯ ಹೊಟ್ಟೆ ಉಬ್ಬುತ್ತದೆ. ಹಾಯಿ ಚಪ್ಪಟೆಯಾಗಬೇಕಾದ ಗಳಿಗೆಯಲ್ಲೇ ಉಬ್ಬಿಕೊಂಡರೆ ದೋಣಿ ವಾಲದೆ ಇನ್ನೇನು?

ಶೀಟನ್ನು ಬ್ಲಾಕಿಗೆ ಬ್ಲಾಕ್ (ಹಗ್ಗದ ರಾಟೆ) ತಾಗುವವರೆಗೆ ಎಳೆಯಿರಿ. ಆಗ ಸಡಿಲಾಗುವ ವ್ಯಾಂಗ್ ಹಗ್ಗವನ್ನು ಜಗ್ಗಿ ಕ್ಲೀಟಿಗೆ (ಹಗ್ಗ ಕಚ್ಚಿ ಹಿಡಿಯುವ ಹಿಡಿಕೆಗೆ) ಹಾಕಿ. ಇದು ಮಧ್ಯಮ ಗಾಳಿಯ ಮಟ್ಟ. ನೀವು ಹೇಳುವ ಗಾಳಿಗೆ ಇದಕ್ಕಿಂತ ಬಿಗಿ ಬೇಕು. ಶೀಟ್ ಬಿಟ್ಟಾಗ ಬೂಮಿನ ತುದಿ ಏಳದೆ ಅಡ್ಡಕ್ಕೆ ಸರಿದರೆ ಸರಿಯಾಗಿದೆ ಎಂದರ್ಥ.

ವ್ಯಾಂಗ್ ಬಿಗಿದ ಮೇಲೆ ಕನಿಂಗ್‌ಹ್ಯಾಮ್ ಹಾಗೆಯೇ ಬಿಡಬೇಡಿ. ಹಾಯಿಯ ಆಳ ಹಿಂದಕ್ಕೆ ಸರಿದು ಲೀಚ್ (ಹಾಯಿಯ ಹಿಂದಿನ ಅಂಚು) ಬಿಗಿಯುತ್ತದೆ, ಟಿಲ್ಲರ್ ಇನ್ನಷ್ಟು ಜಗ್ಗುತ್ತದೆ. ಆ ಹಗ್ಗ ಹೋಗುವ ಹಾಯಿಯ ಕಣ್ಣು (ತೂತು) ಬೂಮಿನ ಹತ್ತಿರ ಬರುವವರೆಗೆ ಎಳೆಯಿರಿ. ಆಳ ಮುಂದಕ್ಕೆ ಬರುತ್ತದೆ, ಮೇಲಿನ ಲೀಚ್ ತೆರೆದು ಹೆಚ್ಚಿನ ಗಾಳಿ ಜಾರಿಹೋಗುತ್ತದೆ.

ಕೆರೆದಂಡೆ:
ಮೇಲಿನದು ಪೂರ್ತಿ ಒಪ್ಪಿಗೆ. ಹಾಯಿಯ ಕೆಳಅಂಚನ್ನು ಬೂಮಿನ ತುದಿಯತ್ತ ಎಳೆಯುವ ಔಟ್‌ಹಾಲ್ ಹಗ್ಗದ ಬಗ್ಗೆ ಒಂದು ಮಾತು: ಈ ಗಾಳಿಗೆ ಗೇಣು ತೀರಾ ಜಾಸ್ತಿ. ಹುಸೇನ್ ಸಾಗರದಂಥ ಸಮತಟ್ಟು ನೀರಿನಲ್ಲಿ 5–8 ಸೆಂ.ಮೀ. ಸಾಕು. ಮುಂಬೈ ಬಂದರಿನ ಕಡೆ ಅಲೆ ಇದ್ದರೆ 10–12 ಸೆಂ.ಮೀ. ಇಡಿ, ಇಲ್ಲವಾದರೆ ಅಲೆಗೆ ಡಿಕ್ಕಿ ಹೊಡೆದು ನಿಂತ ದೋಣಿಗೆ ಮತ್ತೆ ವೇಗ ಬರುವುದಿಲ್ಲ. ಬೂಮಿನ ಮೇಲೆ ಪೆನ್ನಿನಿಂದ ಗುರುತು ಹಾಕಿಕೊಂಡರೆ ನೀರಿನಲ್ಲಿ ಅಂದಾಜು ಮಾಡುವ ಕೆಲಸವಿಲ್ಲ.

ದೋಣಿಯ ಹಿಂಭಾಗದಲ್ಲಿ ಅಡ್ಡಕ್ಕೆ ಕಟ್ಟಿದ, ಶೀಟಿನ ಬ್ಲಾಕ್ ಜಾರುವ ಟ್ರಾವೆಲರ್ ಹಗ್ಗವನ್ನೂ ನೋಡಿ. ಅದು ಸಡಿಲವಿದ್ದರೆ ಬ್ಲಾಕ್ ದೋಣಿಯ ನಡುಭಾಗದ ಕಡೆಗೆ ಏರಿ ನಿಲ್ಲುತ್ತದೆ. ಟಿಲ್ಲರಿಗೆ ಉಜ್ಜುವಷ್ಟು ಬಿಗಿಯಾಗಿದ್ದರೂ ಚಿಂತೆಯಿಲ್ಲ.

ಪಡುಗಾಳಿ:
ಇಷ್ಟು ಬಿಗಿದ ವ್ಯಾಂಗ್ ಇಟ್ಟುಕೊಂಡು ಮೇಲಿನ ಮಾರ್ಕ್ (ಸ್ಪರ್ಧೆಯಲ್ಲಿ ಗಾಳಿ ಬರುವ ಕಡೆ ಇರುವ ತಿರುವಿನ ತೇಲುಗುರುತು) ಸುತ್ತುವುದು ಹೇಗೆ?

ಹಾಯಿಹಗ್ಗ:
ಸುತ್ತಬೇಡಿ! ಮಾರ್ಕಿಗೆ ಎರಡು ಮೂರು ದೋಣಿಯುದ್ದ ಇರುವಾಗಲೇ ವ್ಯಾಂಗ್ ಬಿಡಿ, ಆಮೇಲೆ ಶೀಟ್ ಬಿಡುತ್ತಾ ತಿರುಗಿ. ವ್ಯಾಂಗ್ ಬಿಗಿಯಿದ್ದರೆ ಬೂಮಿನ ತುದಿ ನೀರಿಗೆ ತಾಗುತ್ತದೆ, ಹಾಯಿ ಹೊರಗೆ ಹೋಗಲಾರದು, ದೋಣಿ ಗಾಳಿಯತ್ತಲೇ ತಿರುಗಿ ಮಗುಚುತ್ತದೆ. ಕನಿಂಗ್‌ಹ್ಯಾಮ್, ಔಟ್‌ಹಾಲ್ ತಿರುಗಿದ ಮೇಲೆ ಬಿಟ್ಟರೂ ನಡೆಯುತ್ತದೆ.

ಹಾಗೆಂದು ವ್ಯಾಂಗ್ ಪೂರ್ತಿ ಬಿಡುವಂತಿಲ್ಲ. ಹಿಂಗಾಳಿಯಲ್ಲಿ ಹಾಯಿಯ ಮೇಲ್ಭಾಗ ಮಾಸ್ಟಿಗಿಂತ ಮುಂದೆ ಹೋದರೆ ದೋಣಿ ಗಾಳಿ ಬರುವ ಬದಿಗೇ ಉರುಳುತ್ತದೆ. ಅಲೆಗೆ ತಕ್ಕಂತೆ ಲೀಚ್ ಸ್ವಲ್ಪ ತೆರೆದು ಮುಚ್ಚುವಷ್ಟು ಇಡಿ. ಉರುಳಲು ಶುರುವಾದರೆ ಮೊದಲು ಶೀಟ್ ಒಂದು ತೋಳಿನಷ್ಟು ಎಳೆಯಿರಿ, ವ್ಯಾಂಗ್ ಆಮೇಲೆ.