ಮಳೆಗಾಲಕ್ಕೆ ಕೂಡಿಟ್ಟ ಕಾಳಿಗೆ ಹುಳ, ಹಿತ್ತಲ ಅವರೆಯಲ್ಲಿ ಹೂವಿಲ್ಲ: ಏನು ಮಾಡಲಿ?

ತೋಟದಮನೆ (ಹೊಸನಗರ)

ಎಲ್ಲರಿಗೂ ನಮಸ್ಕಾರ. ನಮ್ಮದು ಒಂಟಿ ಮನೆ. ಆರಿದ್ರಾ ಮಳೆ ಹಿಡಿದರೆ ಹಳ್ಳ ಏರಿ ಪೇಟೆಗೆ ಹೋಗೋ ದಾರಿ ಕಟ್ಟುತ್ತೆ, ಮರ ಬಿದ್ದು ಕರೆಂಟು ವಾರಗಟ್ಟಲೆ ಇರಲ್ಲ. ಅದಕ್ಕೇ ನಾಲ್ಕು ಜನಕ್ಕೆ ಮೂರು ತಿಂಗಳಿಗೆ ಅಂತ ಅವರೆ, ಅಲಸಂದೆ, ಹುರುಳಿ ಸೇರಿ ಇಪ್ಪತ್ತೆರಡು ಕೆಜಿ ಕಾಳನ್ನು ಸಂಕ್ರಾಂತಿ ಕಳೆದ ಮೇಲೆ ಒಣಗಿಸಿ ತಗಡಿನ ಡಬ್ಬಕ್ಕೆ ಹಾಕಿದ್ದೆವು. ಈಗ ಮುಚ್ಚಳ ತೆಗೆದರೆ ಅಲಸಂದೆ ತುಂಬ ಕಂದು ಹುಳ, ಕಾಳಲ್ಲಿ ದುಂಡನೆ ತೂತು, ತಳದಲ್ಲಿ ಹಿಟ್ಟು. ಅವರೆಯಲ್ಲೂ ಶುರುವಾಗಿದೆ. ಬಿಸಿಲಿಗೆ ಹರವಿದರೆ ಹೋಗುತ್ತೆ, ಮತ್ತೆ ಕೆಲವೇ ದಿನಕ್ಕೆ ಹಾಜರು. ಡಬ್ಬ ಸರಿಯಿಲ್ಲವಾ?

ಇನ್ನೊಂದು ವಿಷಯ. ಫೆಬ್ರವರಿಯಲ್ಲಿ ಹಿತ್ತಲಲ್ಲಿ ನಾಟಿ ಅವರೆ ಹಾಕಿದ್ವಿ. ಚಪ್ಪರದ ತುಂಬ ಬಳ್ಳಿ, ಒಂದು ಹೂವೂ ಇಲ್ಲ. ಗೊಬ್ಬರ ಸಾಲದಾ?

ಅಡಿಕೆಸೋಗೆ (ಶಿರಸಿ)

ಗೋದಾಮಿಗೆ ಹಾಕೋ ಮಾತ್ರೆ ಸಿಗುತ್ತಲ್ಲ, ಡಬ್ಬಕ್ಕೆ ಒಂದು ಹಾಕಿ ಮುಚ್ಚಿಡಿ. ಹುಳದ ಸುಳಿವೇ ಇರಲ್ಲ.

ಕಾಳುಮನೆ (ಚಿಂತಾಮಣಿ)

ಅಕ್ಕ, ಮೊದಲು ಆ ಮಾತ್ರೆ ವಿಚಾರ. ದಯವಿಟ್ಟು ಬೇಡ. ಅದು ಅಲ್ಯೂಮಿನಿಯಂ ಫಾಸ್ಫೈಡ್, ಗಾಳಿಯ ತೇವ ತಾಕಿದರೆ ಫಾಸ್ಫೀನ್ ವಿಷಾನಿಲ ಬಿಡುತ್ತೆ. ಜನ ಮಲಗುವ ಮನೆಯೊಳಗೆ ಅದನ್ನು ಇಟ್ಟು ಜೀವ ಹೋಗಿರುವುದುಂಟು. ತರಬೇತಿ ಇದ್ದವರು ಗೋದಾಮಿನಲ್ಲಿ ಬಳಸುವ ವಸ್ತು ಅದು, ಅಡುಗೆಮನೆಗೆ ಬರಲೇಬಾರದು.

ಡಬ್ಬದ ತಪ್ಪೇನಿಲ್ಲ. ಹುಳ ಹೊಲದಿಂದಲೇ ಕಾಳಿನ ಜೊತೆ ಬಂದಿದೆ. ಬಳ್ಳಿಯಲ್ಲಿ ಕಾಯಿ ಒಣಗುವಾಗಲೇ ಹೆಣ್ಣು ದುಂಬಿ ಅದರ ಮೇಲೆ ಮೊಟ್ಟೆ ಇಡುತ್ತೆ. ನಿಮ್ಮ ಅಲಸಂದೆಯ ಒಂದು ಹಿಡಿ ತಗೊಂಡು ಬೆಳಕಿಗೆ ಹಿಡಿದು ನೋಡಿ: ಸಿಪ್ಪೆಗೆ ಅಂಟಿಕೊಂಡ, ಉಗುರಿನಿಂದ ಕೆರೆದರೂ ಸುಲಭಕ್ಕೆ ಬಿಡದ ಸಣ್ಣ ಬಿಳಿ ಚುಕ್ಕೆ ಕಾಣುತ್ತೆ. ಅದೇ ಮೊಟ್ಟೆ. ಮರಿ ಹೊರಗೆ ಬರುವುದೇ ಇಲ್ಲ, ಮೊಟ್ಟೆಯ ಅಡಿಯಿಂದ ನೇರ ಕಾಳಿನೊಳಗೆ ಕೊರೆದು ಹೋಗಿ ಅಲ್ಲೇ ತಿಂದು ಬೆಳೆದು, ಮೂರು ನಾಲ್ಕು ವಾರಕ್ಕೆ ದುಂಡನೆಯ ಬಾಗಿಲು ಕತ್ತರಿಸಿಕೊಂಡು ದುಂಬಿಯಾಗಿ ಬರುತ್ತೆ. ನೀವು ಹರವಿದಾಗ ಓಡಿದ್ದು ದುಂಬಿ ಮಾತ್ರ. ಒಳಗಿರೋ ಮರಿ ಹಾಗೇ ಉಳೀತು.

ಮಳೆ ಹಿಡಿಯೋ ಮುಂಚೆ ಖಡಕ್ ಬಿಸಿಲು ನೋಡಿ ಇದನ್ನು ಮಾಡಿ. ಕರಿ ಪ್ಲಾಸ್ಟಿಕ್ ಹಾಳೆ ಹಾಸಿ, ಕಾಳನ್ನು ತೆಳ್ಳಗೆ ಒಂದೇ ಪದರ ಹರವಿ, ಮೇಲೆ ಪಾರದರ್ಶಕ ಹಾಳೆ ಹೊದಿಸಿ ಅಂಚಿಗೆ ಸುತ್ತಲೂ ಕಲ್ಲು ಹೇರಿ. ಒಳಗೆ 60 ಡಿಗ್ರಿ ಹತ್ತಿರ ಹೋಗಿ ಒಂದು ಗಂಟೆ ನಿಂತರೆ ಮೊಟ್ಟೆ, ಮರಿ ಎಲ್ಲ ಸಾಯುತ್ತೆ. ನಾನಂತೂ ಹತ್ತೂವರೆಯಿಂದ ಮೂರರವರೆಗೆ ಬಿಡ್ತೀನಿ. ಇದು ಉಣ್ಣುವ ಕಾಳಿಗೆ. ಬಿತ್ತನೆಗೆ ಇಡುವುದನ್ನು ಈ ಬಿಸಿಗೆ ಒಡ್ಡಬೇಡಿ, ಅದಕ್ಕೆ ಜರಡಿ ಹಿಡಿದ ತಣ್ಣನೆಯ ಒಲೆಬೂದಿ ಸಾಕು. ನಾಲ್ಕು ಪಾವು ಬೀಜಕ್ಕೆ ಮೂರು ಪಾವು ಬೂದಿ ಕಲಸಿ, ಮೇಲೆ ಇನ್ನೂ ಮೂರು ಬೆರಳಷ್ಟು ಬೂದಿ ಮುಚ್ಚಿ. ಜಿಪುಣತನ ಮಾಡಿದರೆ ಕೆಲಸ ಮಾಡಲ್ಲ.

ಆಮೇಲೆ ದೊಡ್ಡ ಡಬ್ಬ ಬಿಟ್ಟು, ಚೆನ್ನಾಗಿ ಒಣಗಿದ ಎರಡು ಲೀಟರ್ ನೀರಿನ ಬಾಟಲಿಗಳಿಗೆ ತುಂಬಿ. ನೆಲಕ್ಕೆ ತಟ್ಟಿ ತಟ್ಟಿ ಬಾಯಿವರೆಗೆ ಬರಬೇಕು, ಮೇಲೆ ಗಾಳಿಗೆ ಜಾಗ ಇರಬಾರದು. ಮುಚ್ಚಳ ಬಿಗಿ ಮಾಡಿ ಸುತ್ತ ಮೇಣ ಹಚ್ಚಿ. ಅಕಸ್ಮಾತ್ ಒಂದೆರಡು ಮರಿ ಉಳಿದಿದ್ದರೂ ಒಳಗಿನ ಆಮ್ಲಜನಕ ಅವೇ ಮುಗಿಸಿಕೊಂಡು ತಿನ್ನುವುದು ನಿಲ್ಲಿಸಿ ಸಾಯುತ್ತವೆ. ಆಫ್ರಿಕಾದ ನೈಜರ್, ಬುರ್ಕಿನಾ ಫಾಸೋ ಕಡೆ ರೈತರು ಅಲಸಂದೆಯನ್ನು ಮೂರು ಪದರದ ಚೀಲದಲ್ಲಿ ಕಟ್ಟಿಡುವುದೂ ಇದೇ ಲೆಕ್ಕಾಚಾರದ ಮೇಲೆ. ಪ್ರತಿ ಸಲ ತೆರೆದರೆ ಒಳಗೆ ಹೊಸ ಗಾಳಿ ಹೋಗುತ್ತೆ, ಅದಕ್ಕೇ ಸಣ್ಣ ಬಾಟಲಿ.

ತೋಟದಮನೆ (ಹೊಸನಗರ)

ತುಂಬಾ ಉಪಕಾರ ಅಣ್ಣ. ಆದರೆ ಬಾಯಿ ಬಿಗಿದಿಟ್ಟರೆ ನಮ್ಮ ಹವೆಗೆ ಬೂಷ್ಟು ಹಿಡಿಯಲ್ವಾ?

ಕಾಳುಮನೆ (ಚಿಂತಾಮಣಿ)

ಕಾಳು ಹಸಿ ಇದ್ದರೆ ಖಂಡಿತ ಹಿಡಿಯುತ್ತೆ. ಹಲ್ಲಲ್ಲಿ ಕಚ್ಚಿದರೆ ಕಟಕ್ ಅಂತ ಒಡೆಯಬೇಕು, ಒತ್ತಿದ ಗುರುತು ಬಿದ್ದರೆ ಇನ್ನೂ ಒಣಗಬೇಕು. ಅನುಮಾನ ಇದ್ದರೆ ಉಪ್ಪನ್ನು ಬಾಣಲೆಯಲ್ಲಿ ಬಿಸಿ ಮಾಡಿ, ಆರಿಸಿ, ಒಣ ಗಾಜಿನ ಬಾಟಲಿಗೆ ಒಂದು ಹಿಡಿ ಕಾಳಿನ ಜೊತೆ ಹಾಕಿ ಅಲುಗಾಡಿಸಿ ಹತ್ತು ನಿಮಿಷ ಬಿಡಿ. ಉಪ್ಪು ಗೋಡೆಗೆ ಅಂಟಿದರೆ ಕಾಳಲ್ಲಿ ತೇವ ಇದೆ. ಉದುರುದುರಾಗಿದ್ದರೆ ತುಂಬಬಹುದು.

ಹೊಲದಬದು (ತುಮಕೂರು)

ಹೂವಿನ ವಿಚಾರ ನಾನು ಹೇಳ್ತೀನಿ ಮೇಡಂ. ಗೊಬ್ಬರದ ಕೊರತೆ ಅಲ್ಲ, ಯೂರಿಯಾ ಹಾಕಿದರೆ ಇನ್ನೂ ಸೊಪ್ಪೇ ಬರುತ್ತೆ. ನಾಟಿ ಅವರೆಗೆ ಹಗಲು ಚಿಕ್ಕದಾಗಬೇಕು. ಫೆಬ್ರವರಿ ಕಳೆದ ಮೇಲೆ ಹಗಲು ಬೆಳೆಯುತ್ತಾ ಹೋಗುತ್ತೆ, ಬಳ್ಳಿ ಹಬ್ಬಿಕೊಂಡೇ ಇರುತ್ತೆ. ನಮ್ಮ ಕಡೆ ಆಷಾಢ, ಶ್ರಾವಣದಲ್ಲಿ ಬಿತ್ತಿದ್ದು ಚಳಿ ಬೀಳುವಾಗ ಹೂವಾಗಿ ಸೊಗಡು ತುಂಬಿಕೊಳ್ಳುವುದು ಇದಕ್ಕೇ.

ಯಾವ ಕಾಲದಲ್ಲಾದರೂ ಕಾಯಿ ಬೇಕು ಅಂದರೆ ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದ ಹೆಬ್ಬಾಳ ಅವರೆ-3 ಅಥವಾ ಹೆಬ್ಬಾಳ ಅವರೆ-4 ತನ್ನಿ. ಅವಕ್ಕೆ ಹಗಲಿನ ಉದ್ದದ ಹಂಗಿಲ್ಲ, ಗಿಡವೂ ಗಿಡ್ಡ. ಹೈಬ್ರಿಡ್ ಅಲ್ಲ, ಹಾಗಾಗಿ ನಿಮ್ಮದೇ ಬೀಜ ಹಿಡಿದು ಮುಂದಿನ ವರ್ಷಕ್ಕೆ ಇಟ್ಟುಕೊಳ್ಳಬಹುದು. ಆಪತ್ತಿಗೆ ಬೆಳೆ ಅಂದರೆ ನನಗೆ ಅದೇ ದೊಡ್ಡ ವಿಷಯ. ಜಡಿಮಳೆಯಲ್ಲಿ ಮಾತ್ರ ಬಿತ್ತಬೇಡಿ, ಬೇರು ಕೊಳೆಯುತ್ತೆ. ಭತ್ತ ಕೊಯ್ದ ಗದ್ದೆಯಲ್ಲಿ ಉಳಿದ ತೇವಕ್ಕೆ ಅಲಸಂದೆ, ಹುರುಳಿ ಎಸೆದರೆ ನೀರು ಕಟ್ಟದೆ ಬರುತ್ತೆ. ಈಗಿರೋ ಬಳ್ಳಿ ಕೀಳಬೇಡಿ. ಮಳೆ ತಡೆದುಕೊಂಡರೆ ದೀಪಾವಳಿ ಕಳೆದ ಮೇಲೆ ಹೂ ಕಾಣಬಹುದು.

ತೋಟದಮನೆ (ಹೊಸನಗರ)

ತೂತು ಬಿದ್ದ ಕಾಳು ಬಿತ್ತಬಹುದಾ? ಹಾಗೇ, ಹಳೇ ಅವರೆ ಎಷ್ಟು ಬೇಯಿಸಿದರೂ ಕಲ್ಲಿನ ಥರ ಇರುತ್ತಲ್ಲ, ಗ್ಯಾಸ್ ಉಳಿಸಬೇಕಾದ ದಿನಗಳಲ್ಲಿ ಅದೇ ಕಷ್ಟ.

ಕಾಳುಮನೆ (ಚಿಂತಾಮಣಿ)

ತೂತಿನ ಕಾಳು ಬಿತ್ತನೆಗೆ ಬೇಡ, ಮೊಳಕೆಯೊಡೆದರೂ ಸಸಿ ಸೊರಗಿರುತ್ತೆ. ನೀರಿಗೆ ಹಾಕಿದರೆ ಮೇಲೆ ತೇಲುತ್ತೆ, ಬೇರೆ ಮಾಡಿ.

ಬೇಯದಿರುವುದು ಸೆಕೆ ಮತ್ತು ತೇವ ಎರಡೂ ಇರುವ ಜಾಗದಲ್ಲಿ ತಿಂಗಳುಗಟ್ಟಲೆ ಇಟ್ಟ ಕಾಳು. ಅಡುಗೆಮನೆಯ ಅಟ್ಟ ಬಿಟ್ಟು ತಣ್ಣನೆಯ ಒಳಕೋಣೆಯಲ್ಲಿ ಬಾಟಲಿ ಇಡಿ. ರಾತ್ರಿ ನೆನೆಸುವಾಗ ಚಿಟಿಕೆ ಅಡುಗೆ ಸೋಡಾ ಹಾಕಿ, ಬೆಳಿಗ್ಗೆ ಆ ನೀರು ಚೆಲ್ಲಿ ಹೊಸ ನೀರಲ್ಲಿ ಬೇಯಿಸಿ. ಅರ್ಧ ಪಾಲು ಅವರೆಯನ್ನು ಈಗಲೇ ಬೇಳೆ ಮಾಡಿಟ್ಟರೆ ಇನ್ನೂ ಒಳ್ಳೇದು: ಬೇಗ ಬೇಯುತ್ತೆ, ಮೊಟ್ಟೆ ಇಡಲು ಈ ದುಂಬಿಗೆ ನುಣುಪಾದ ಇಡೀ ಕಾಳೇ ಬೇಕಾದ್ದರಿಂದ ಬೇಳೆಗೆ ಅದರ ಕಾಟವೂ ಕಡಿಮೆ.

ಬಾಟಲಿ ಮೇಲೆ ತಿಂಗಳು ಬರೆದಿಡಿ, ಹಳೆಯದನ್ನು ಮೊದಲು ಒಡೆಯಿರಿ. ಕಾಳು ಬಿಸಿಲಿಗೆ ಹಾಕಿದ ಮೇಲೆ ಹೇಗಾಯ್ತು ಅಂತ ಇಲ್ಲೇ ಬರೆಯಿರಿ.