ಮತೀಸ್‌ನ ‘ಹಸಿರು ಪಟ್ಟಿ’: ಮುಖದ ನಡುವೆ ಹಸಿರು ಏಕೆ?

ಪ್ರಶ್ನೆ:
ಫ್ರೆಂಚ್ ಚಿತ್ರಕಾರ ಹೆನ್ರಿ ಮತೀಸ್ 1905ರಲ್ಲಿ ತನ್ನ ಹೆಂಡತಿ ಅಮೇಲಿಯನ್ನು ಬರೆದ, ‘ಹಸಿರು ಪಟ್ಟಿ’ ಎಂದೇ ಹೆಸರಾದ ಭಾವಚಿತ್ರದ ಬಗ್ಗೆ ಕೇಳುತ್ತಿದ್ದೇನೆ. ಹಣೆಯಿಂದ ಮೂಗಿನ ಮೇಲೆ ಹಾದು ಗದ್ದದವರೆಗೆ ಇಳಿಯುವ ಹಸಿರು ಗೆರೆ, ಅದರ ಒಂದು ಪಕ್ಕಕ್ಕೆ ಹಳದಿ ಕೆನ್ನೆ, ಇನ್ನೊಂದು ಪಕ್ಕಕ್ಕೆ ಗುಲಾಬಿ ಕೆನ್ನೆ. ಯಾರ ಮುಖದಲ್ಲೂ ಇಲ್ಲದ ಬಣ್ಣಗಳನ್ನು ಬಳಿದ ಮೇಲೂ ಅದು ಒಬ್ಬಳೇ ಒಬ್ಬಳ ಮುಖವಾಗಿ ಉಳಿಯುವುದು ಹೇಗೆ? ನೋಡುವವರನ್ನು ಬೆಚ್ಚಿಬೀಳಿಸಲೆಂದೇ ಹೀಗೆ ಮಾಡಿದನೇ?

ಉತ್ತರ 1:
ಆ ಗೆರೆಯನ್ನು ಅಲಂಕಾರವೆಂದು ತಿಳಿಯದೆ ನೆರಳೆಂದು ನೋಡಿ. ಮುಖದ ಬೆಳಕಿನ ಪಕ್ಕವೂ ನೆರಳಿನ ಪಕ್ಕವೂ ಕೂಡುವ ಅಂಚಿನಲ್ಲಿ ಹಿಂದಿನವರು ಕಂದು ಬಣ್ಣವನ್ನು ತೆಳುವಾಗಿ ತೀಡಿ ಮೂಗನ್ನು ಎಬ್ಬಿಸುತ್ತಿದ್ದರು; ಮತೀಸ್ ಅದೇ ಕೆಲಸವನ್ನು ತೀಡದೆ, ಮರೆಮಾಚದೆ, ಹಸಿರಿಗೆ ವಹಿಸಿದ. ಕೆಂಪು ಮತ್ತು ಹಸಿರು ಪೂರಕ ವರ್ಣಗಳಾದ್ದರಿಂದ (ಪಕ್ಕಪಕ್ಕದಲ್ಲಿಟ್ಟರೆ ಒಂದನ್ನೊಂದು ಎದ್ದು ತೋರಿಸುವ ಜೋಡಿ) ಗುಲಾಬಿ ಕೆನ್ನೆಯ ಪಕ್ಕದಲ್ಲಿ ಆ ಗೆರೆ ಇನ್ನಷ್ಟು ಹೊಳೆಯುತ್ತದೆ, ಕೆನ್ನೆಯೂ ರಂಗೇರುತ್ತದೆ. ಅಷ್ಟಕ್ಕೂ ಮುಖಕ್ಕೆ ಹಸಿರು ಹೊಸದೇನಲ್ಲ. 14ನೇ ಶತಮಾನದ ಇಟಲಿಯ ಚಿತ್ರಕಾರರು ಮೈಬಣ್ಣದ ಅಡಿಗೆ ಹಸಿರು ಮಣ್ಣಿನ ಲೇಪ ಕೊಡುತ್ತಿದ್ದರು. ಮೇಲಿನ ಗುಲಾಬಿ ಸವೆದುಹೋದ ಫಲಕಗಳಲ್ಲಿ ಸಂತರ ಕೆನ್ನೆಗಳು ಇಂದು ಹಸಿರಾಗಿಯೇ ಕಾಣುತ್ತವೆ. ಅವರು ಅಡಿಯಲ್ಲಿ ಇಟ್ಟದ್ದನ್ನು ಇವನು ಮೇಲಕ್ಕೆ ತಂದ.

ಉತ್ತರ 2:
ಬೆಚ್ಚಿಬೀಳಿಸುವ ಆಸೆಯೇ ಮುಖ್ಯವಾಗಿತ್ತೆಂದು ನನಗನ್ನಿಸುವುದಿಲ್ಲ. ಆ ವರ್ಷದ ಬೇಸಿಗೆಯಲ್ಲಿ ಅವನು ಚಿತ್ರಕಾರ ಆಂದ್ರೆ ದೆರೇನ್ ಜೊತೆ ದಕ್ಷಿಣ ಫ್ರಾನ್ಸಿನ ಕೊಲ್ಯೂರ್ ಎಂಬ ಕಡಲತೀರದ ಊರಿನಲ್ಲಿದ್ದು, ಅಲ್ಲಿನ ಬಿಸಿಲನ್ನು ಅಚ್ಚ ಬಣ್ಣಗಳಲ್ಲಿ ಹಿಡಿಯುವ ಅಭ್ಯಾಸ ಮಾಡಿದ್ದ. ಅದರ ಬೆನ್ನಿಗೇ ಪ್ಯಾರಿಸ್ಸಿನ ಶರತ್ಕಾಲದ ಪ್ರದರ್ಶನದಲ್ಲಿ ಅವನ ‘ಟೋಪಿ ಧರಿಸಿದ ಹೆಂಗಸು’ ಚಿತ್ರವನ್ನು ಕಂಡವರು ನಕ್ಕರು. ವಿಮರ್ಶಕ ಲೂಯಿ ವೊಸೆಲ್ ಕೊಟ್ಟ ‘ಕಾಡುಮೃಗಗಳು’ ಎಂಬ ಹೆಸರು ಮತೀಸ್, ದೆರೇನ್ ಮೊದಲಾದವರ ಗುಂಪಿಗೆ ಅಂಟಿಕೊಂಡಿತು. ಆ ಟೋಪಿಯ ಚಿತ್ರಕ್ಕೂ ಕುಳಿತವಳು ಅಮೇಲಿಯೇ. (ಟೋಪಿ ಅಂಗಡಿ ನಡೆಸಿ ಸಂಸಾರ ತೂಗಿಸಿದವಳು ಅವಳು ಎಂಬುದನ್ನು ನೆನೆದರೆ ಆ ಭಾರೀ ಟೋಪಿಯನ್ನು ನೋಡುವ ಬಗೆಯೇ ಬೇರೆಯಾಗುತ್ತದೆ.) ಕೊನೆಗೆ ಪ್ಯಾರಿಸ್ಸಿನಲ್ಲಿದ್ದ ಅಮೆರಿಕದ ಕಲಾಸಂಗ್ರಾಹಕರಾದ ಸ್ಟೈನ್ ಕುಟುಂಬ ಆ ಚಿತ್ರವನ್ನು 500 ಫ್ರಾಂಕಿಗೆ ಕೊಂಡಿತು.

ಉತ್ತರ 3:
ಬಣ್ಣಕ್ಕೇ ಎಲ್ಲ ಶ್ರೇಯಸ್ಸು ಕೊಡಬೇಡಿ. ದಪ್ಪನೆಯ ಹುಬ್ಬಿನ ಕಮಾನು, ಬಿಗಿದ ತುಟಿ, ಎತ್ತಿ ಕಟ್ಟಿದ ಕಪ್ಪುನೀಲಿ ಕೂದಲು, ಇವು ಗಟ್ಟಿಯಾಗಿ ನಿಂತಿರುವುದರಿಂದಲೇ ಬಣ್ಣಕ್ಕೆ ಅಷ್ಟು ಸಲಿಗೆ ಸಿಕ್ಕಿದೆ.

ಪ್ರಶ್ನೆ ಕೇಳಿದವರು:
ಪರದೆಯ ಮೇಲೆ ಆ ಗೆರೆಯನ್ನು ಬೆರಳಿನಿಂದ ಮುಚ್ಚಿ ನೋಡಿದೆ. ಹುಬ್ಬು, ತುಟಿ ಇದ್ದಲ್ಲೇ ಇದ್ದರೂ ಮುಖ ಎರಡು ಹೋಳಾಗಿ ಚಪ್ಪಟೆಯಾಯಿತು. ‘ಹಸಿರು ಪಟ್ಟಿ’ಯ ಮೂಲಚಿತ್ರ ಇರುವುದು ಡೆನ್ಮಾರ್ಕಿನ ಕೋಪನ್‌ಹೇಗನ್ನಿನಲ್ಲಿ; ಎತ್ತರ ಕೇವಲ 40.5 ಸೆಂಟಿಮೀಟರ್ ಎಂದು ಈಗಷ್ಟೇ ಓದಿದೆ. ನಾನು ಗೋಡೆಯಗಲ ಇರಬಹುದೆಂದುಕೊಂಡಿದ್ದೆ.