3 ಕಿ.ಮೀ. ಏರುವ ಹವ್ಯಾಸಿ ರಾಕೆಟ್‌ನಲ್ಲಿ ಪ್ಯಾರಾಚೂಟ್ ಹೊರತಳ್ಳಲು ಕಾರ್ಬನ್ ಡೈಆಕ್ಸೈಡ್ ಕಾರ್ಟ್ರಿಜ್ ಬಳಸಬಹುದೇ?

ಗಾಳಿಕೊಡೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾವು ದಾವಣಗೆರೆಯ ಎಂಜಿನಿಯರಿಂಗ್ ವಿದ್ಯಾರ್ಥಿಗಳು. ಸುಮಾರು 10,000 ಅಡಿ, ಅಂದರೆ 3 ಕಿಲೋಮೀಟರ್ ಎತ್ತರ ಮುಟ್ಟುವ ರಾಕೆಟ್ ಒಂದರ ವಿನ್ಯಾಸದಲ್ಲಿ ತೊಡಗಿದ್ದೇವೆ. ಹಾರಾಟದ ತುತ್ತತುದಿಯಲ್ಲಿ ಸಣ್ಣ ಡ್ರೋಗ್ ಪ್ಯಾರಾಚೂಟ್, ನೆಲದಿಂದ ಸುಮಾರು 300 ಮೀಟರ್ ಎತ್ತರಕ್ಕೆ ಇಳಿದಾಗ ದೊಡ್ಡ ಪ್ಯಾರಾಚೂಟ್ ಬಿಚ್ಚಿಕೊಳ್ಳುವ ವ್ಯವಸ್ಥೆ ನಮ್ಮದು. ರಾಕೆಟ್ ದೇಹದ ನಳಿಕೆಯ ಒಳವ್ಯಾಸ 98 ಮಿ.ಮೀ.; ಡ್ರೋಗ್ ಇರುವ ಕೋಣೆಯ ಉದ್ದ 40 ಸೆಂ.ಮೀ., ದೊಡ್ಡ ಪ್ಯಾರಾಚೂಟಿನ ಕೋಣೆಯ ಉದ್ದ 60 ಸೆಂ.ಮೀ. ಹಾರಾಟದ ನಡುವೆ ಕೋಣೆ ತಾನಾಗಿ ತೆರೆದುಕೊಳ್ಳದಂತೆ ನೈಲಾನ್ ಸ್ಕ್ರೂಗಳನ್ನು ಶಿಯರ್ ಪಿನ್ ಆಗಿ (ಒಳಗಿನ ಒತ್ತಡ ಸಾಕಷ್ಟು ಏರಿದಾಗ ತುಂಡಾಗಿ ಕೋಣೆಯನ್ನು ಬಿಡುವ ಪಿನ್) ಹಾಕಲಿದ್ದೇವೆ: ಡ್ರೋಗ್ ಕೋಣೆಗೆ 3, ದೊಡ್ಡದಕ್ಕೆ 4.

ಪ್ಯಾರಾಚೂಟ್ ಹೊರತಳ್ಳಲು ಸಾಮಾನ್ಯವಾಗಿ ಬಳಸುವ ಕರಿಮದ್ದನ್ನು (ಗನ್‌ಪೌಡರ್) ಬಳಸುವುದು ಬೇಡವೆಂದು ನಮ್ಮ ಮಾರ್ಗದರ್ಶಕರು ಹೇಳಿದ್ದಾರೆ. ಆದ್ದರಿಂದ ಸೈಕಲ್ ಚಕ್ರಕ್ಕೆ ಗಾಳಿ ತುಂಬಲು ಬಳಸುವಂತಹ ಕಾರ್ಬನ್ ಡೈಆಕ್ಸೈಡ್ ಕಾರ್ಟ್ರಿಜ್‌ಗಳತ್ತ ನೋಡುತ್ತಿದ್ದೇವೆ. ಎಷ್ಟು ಗ್ರಾಂ ಬೇಕು ಎಂಬುದನ್ನು ಹೇಗೆ ನಿರ್ಧರಿಸಬೇಕು? ಇದು ನಿಜಕ್ಕೂ ಕರಿಮದ್ದಿಗಿಂತ ಮೇಲೋ, ಅಥವಾ ಅನಿವಾರ್ಯಕ್ಕೆ ಒಪ್ಪಿಕೊಳ್ಳಬೇಕಾದ ಬದಲಿಯೋ? ಅನುಭವ ಇರುವವರು ತಿಳಿಸಿಕೊಟ್ಟರೆ ಉಪಕಾರವಾಗುತ್ತದೆ.

ಟೆಕ್ಸಸ್ ಕನ್ನಡಿಗ

ನಿಮ್ಮ ಎರಡನೆಯ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ಈ ವಿಷಯದಲ್ಲಿ ಎತ್ತರದ ಹೆಸರು ಹೇಳಿ ಕಾರ್ಬನ್ ಡೈಆಕ್ಸೈಡ್ ಕೊಳ್ಳುವವರೇ ಹೆಚ್ಚು. ಕರಿಮದ್ದು ಉರಿಯಲು ಹೊರಗಿನ ಆಮ್ಲಜನಕ ಬೇಕಿಲ್ಲ, ಅದು ಅದರೊಳಗೇ ಇದೆ. ಆದರೆ ಒಂದು ಕಣದ ಬೆಂಕಿ ಪಕ್ಕದ ಕಣಕ್ಕೆ ದಾಟಲು ಸುತ್ತ ಸಾಕಷ್ಟು ಒತ್ತಡದ ಬಿಸಿ ಅನಿಲ ಇರಬೇಕು. ಗಾಳಿ ತೆಳುವಾದಂತೆ ಆ ದಾಟುವಿಕೆ ನಿಧಾನವಾಗಿ, ಮೊದಲು ಹೊತ್ತಿಕೊಂಡ ಕಣಗಳು ಉಳಿದವನ್ನು ಹೊತ್ತಿಸುವ ಬದಲು ಚದುರಿಸಿಬಿಡುತ್ತವೆ. 6 ಕಿಲೋಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧಕ್ಕಿಂತ ಕಡಿಮೆ, 9 ಕಿಲೋಮೀಟರ್‌ನಲ್ಲಿ ಮೂರನೇ ಒಂದಕ್ಕಿಂತಲೂ ಕಡಿಮೆ. ತೊಂದರೆ ಕಾಣಿಸಿಕೊಳ್ಳುವುದು ಅಲ್ಲಿ. 3 ಕಿಲೋಮೀಟರ್‌ನಲ್ಲಿ ಇನ್ನೂ ಸುಮಾರು ಶೇ. 70ರಷ್ಟು ಒತ್ತಡ ಇರುವುದರಿಂದ ಕರಿಮದ್ದು ಯಾವ ತಕರಾರೂ ಇಲ್ಲದೆ ಕೆಲಸ ಮಾಡುತ್ತದೆ. ಆದ್ದರಿಂದ ನಿಮ್ಮ ರಾಕೆಟ್‌ಗೆ ಎತ್ತರವು ಕಾರಣವೇ ಅಲ್ಲ.

ಹಾಗಾದರೆ ಕಾರಣಗಳು ಯಾವುವು? ಕರಿಮದ್ದು ಉರಿದಾಗ ಅದರ ತೂಕದ ಅರ್ಧಕ್ಕಿಂತ ಹೆಚ್ಚು ಭಾಗ ಅನಿಲವಾಗದೆ ಘನ ಮಸಿಯಾಗಿ ಉಳಿಯುತ್ತದೆ; ಅದು ಲೋಹವನ್ನು ತಿನ್ನುತ್ತದೆ, ಬಟ್ಟೆಗೆ ಅಂಟುತ್ತದೆ. ಜ್ವಾಲೆಯಿಂದ ಪ್ಯಾರಾಚೂಟನ್ನು ಕಾಪಾಡಲು ಬೆಂಕಿ ತಾಳುವ ನೋಮೆಕ್ಸ್ ಬಟ್ಟೆ ಸುತ್ತಬೇಕಾಗುತ್ತದೆ. ಕಾರ್ಬನ್ ಡೈಆಕ್ಸೈಡ್‌ನಲ್ಲಿ ಇವೆರಡೂ ಇಲ್ಲ. ಬದಲಿಗೆ ತೂಕ ಹೆಚ್ಚುತ್ತದೆ, ಯಂತ್ರಭಾಗಗಳು ಹೆಚ್ಚುತ್ತವೆ, ಮತ್ತು ಅನಿಲ ಬಹಳ ತಣ್ಣಗಿರುತ್ತದೆ.

ಇನ್ನು ಲೆಕ್ಕ. ನಿಮ್ಮ ನಳಿಕೆಯ ಅಡ್ಡಕೊಯ್ತದ ವಿಸ್ತೀರ್ಣ ಸುಮಾರು 75 ಚದರ ಸೆಂ.ಮೀ. ಅಮೆರಿಕದಲ್ಲಿ ಸಾಮಾನ್ಯವಾಗಿ ಬಳಸುವ 2-56 ಅಳತೆಯ ನೈಲಾನ್ ಸ್ಕ್ರೂ ಒಂದು ತುಂಡಾಗಲು ಸರಿಸುಮಾರು 150 ನ್ಯೂಟನ್ ಬೇಕು. ಮೂರಕ್ಕೆ 450 ನ್ಯೂಟನ್ ಎಂದರೆ ಕೋಣೆಯೊಳಗೆ 0.6 ಬಾರ್ ಹೆಚ್ಚುವರಿ ಒತ್ತಡ (1 ಬಾರ್ ಎಂದರೆ ಸುಮಾರಾಗಿ ಸಮುದ್ರಮಟ್ಟದ ಗಾಳಿಯ ಒತ್ತಡ). ಡ್ರೋಗ್ ಕೋಣೆಯ ಗಾತ್ರ 3 ಲೀಟರ್. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಆದರ್ಶ ಅನಿಲದ ಸೂತ್ರದಂತೆ ಇದಕ್ಕೆ 3.3 ಗ್ರಾಂ ಸಾಕು. ಆದರೆ ಕಾರ್ಟ್ರಿಜ್‌ನಲ್ಲಿ ಒತ್ತಡದಿಂದ ದ್ರವವಾಗಿರುವ ಕಾರ್ಬನ್ ಡೈಆಕ್ಸೈಡ್ ಆವಿಯಾಗಿ ಹಿಗ್ಗುವಾಗ ವಿಪರೀತ ತಣ್ಣಗಾಗುತ್ತದೆ. ಉಷ್ಣತೆ 200 ಕೆಲ್ವಿನ್‌ಗೆ (ಸುಮಾರು ಮೈನಸ್ 73 ಡಿಗ್ರಿ ಸೆಲ್ಸಿಯಸ್) ಇಳಿಯಿತೆಂದು ಹಿಡಿದರೆ ಬೇಕಾಗುವುದು 4.8 ಗ್ರಾಂ. ಸ್ವಲ್ಪ ಭಾಗ ಒಣಮಂಜುಗಡ್ಡೆಯಾಗಿ ಕೋಣೆಯಲ್ಲೇ ಉಳಿಯುವುದನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ ಡ್ರೋಗ್‌ಗೆ 8 ಗ್ರಾಂ ಕಾರ್ಟ್ರಿಜ್ ನ್ಯಾಯವಾದ ಆಯ್ಕೆ. ದೊಡ್ಡ ಕೋಣೆ 4.5 ಲೀಟರ್, ಪಿನ್ ನಾಲ್ಕು, ಒತ್ತಡ 0.8 ಬಾರ್, ಅದೇ ರೀತಿ ಲೆಕ್ಕ ಹಾಕಿದರೆ ತಣ್ಣನೆಯ ಅನಿಲ 9.5 ಗ್ರಾಂ ಬೇಕಾಗುವುದರಿಂದ 12 ಗ್ರಾಂ ತೀರಾ ಅಂಚಿಗೆ ಬಂತು. ನಾನಾದರೆ ಅಲ್ಲಿ 16 ಗ್ರಾಂ ಹಾಕುತ್ತೇನೆ. ಇದೇ ಡ್ರೋಗ್ ಕೋಣೆಗೆ ಕರಿಮದ್ದು ಸುಮಾರು 0.8 ಗ್ರಾಂ ಸಾಕಾಗುತ್ತಿತ್ತು. ಒಂದು ಗ್ರಾಂ ಕರಿಮದ್ದಿಗೆ ಐದು ಗ್ರಾಂ ಕಾರ್ಬನ್ ಡೈಆಕ್ಸೈಡ್ ಎಂದು ಇಲ್ಲಿನ ಹವ್ಯಾಸಿಗಳು ಹಿಡಿಯುವ ಅಂದಾಜಿಗೂ ಇದು ಹತ್ತಿರವೇ ಇದೆ.

ಇನ್ನೊಂದು ಮುಖ್ಯ ಸಂಗತಿ. ಕೋಣೆಯ ಗೋಡೆಯಲ್ಲಿ ಸುಮಾರು 3 ಮಿ.ಮೀ. ರಂಧ್ರ ಇಡಲೇಬೇಕು. ಇಡದಿದ್ದರೆ ನೆಲಮಟ್ಟದ ಗಾಳಿ ಒಳಗೇ ಸಿಕ್ಕಿಕೊಂಡು ರಾಕೆಟ್ ಮೇಲೇರುತ್ತದೆ. ನಿಮ್ಮ ಎತ್ತರಕ್ಕೆ ಆ ವ್ಯತ್ಯಾಸ 0.3 ಬಾರ್ ಮಾತ್ರ, ಆದರೂ ಅದು 225 ನ್ಯೂಟನ್, ಅಂದರೆ ಪಿನ್‌ಗಳ ಅರ್ಧ ಶಕ್ತಿಯನ್ನು ಯಾರೂ ಕೇಳದೆಯೇ ತಿಂದುಬಿಡುತ್ತದೆ. ಮುಂದೆ 30,000 ಅಡಿಯ ರಾಕೆಟ್ ಕಟ್ಟಿದರೆ ಈ ಗಾಳಿಯೊಂದೇ 500 ನ್ಯೂಟನ್ ದಾಟಿ, ಮೋಟರ್ ಆರಿದ ಮೇಲೆ ಇನ್ನೂ ವೇಗವಾಗಿ ಏರುತ್ತಿರುವಾಗಲೇ ಕೋಣೆಯನ್ನು ಬಿಚ್ಚಿಹಾಕುತ್ತದೆ.

ಪೀಣ್ಯದ ಲೇತ್

ಟೆಕ್ಸಸ್‌ನವರ ಲೆಕ್ಕ ಸರಿಯಾಗಿದೆ. ಆದರೆ ಅದು ಕಾರ್ಟ್ರಿಜ್ ತೆರೆದುಕೊಂಡ ಮೇಲಿನ ಲೆಕ್ಕ. ತೆರೆಯುವುದು ಹೇಗೆ ಎಂಬುದು ನಿಜವಾದ ಕೆಲಸ. ಅಮೆರಿಕದಲ್ಲಿ ಸಿದ್ಧವಾಗಿ ಸಿಗುವ ಪೆರೆಗ್ರಿನ್, ರಾಪ್ಟರ್‌ನಂತಹ ಸಾಧನಗಳಲ್ಲಿಯೂ ಮೊಳೆಯನ್ನು ಮುಂದಕ್ಕೆ ತಳ್ಳಿ ಕಾರ್ಟ್ರಿಜ್‌ನ ಮುಚ್ಚಳವನ್ನು ಚುಚ್ಚುವುದು ಒಂದು ಚಿಟಿಕೆ ಕರಿಮದ್ದೇ. ಮದ್ದೇ ಬೇಡವೆಂದಾದರೆ ಗಟ್ಟಿ ಸ್ಪ್ರಿಂಗ್ ಒಂದನ್ನು ಒತ್ತಿ ಹಿಡಿದು, ಅದರ ಕೊಂಡಿಯನ್ನು ಸರ್ವೋ ಮೋಟರ್‌ನಿಂದ (ಸಂಕೇತ ಕೊಟ್ಟಷ್ಟು ಕೋನ ತಿರುಗುವ ಪುಟ್ಟ ಮೋಟರ್) ಬಿಡಿಸುವ ರಚನೆಯನ್ನು ನೀವೇ ಮಾಡಿಕೊಳ್ಳಬೇಕು.

ಇಲ್ಲಿ ಎರಡು ಕಡೆ ಎಚ್ಚರ ಬೇಕು. ಮೊದಲನೆಯದು ಮೊಳೆ. ಚುಚ್ಚಿದ ಮೊಳೆ ಅದೇ ತೂತಿನಲ್ಲಿ ಕುಳಿತುಬಿಟ್ಟರೆ ಅನಿಲ ಸುಯ್ಯೆಂದು ಸೋರುತ್ತದೆಯೇ ಹೊರತು ನುಗ್ಗುವುದಿಲ್ಲ. ಆದ್ದರಿಂದ ಚುಚ್ಚಿದ ತಕ್ಷಣ ಹಿಂದಕ್ಕೆ ಸರಿಯುವ ಮೊಳೆ ಇರಬೇಕು, ಇಲ್ಲವೇ ನಡುವೆ ತೂತು ಕೊರೆದು ತುದಿಯನ್ನು ಓರೆಯಾಗಿ ಕತ್ತರಿಸಿದ, ಇಂಜೆಕ್ಷನ್ ಸೂಜಿಯಂತಹ ಮೊಳೆ ಇರಬೇಕು. ಸಾಧಾರಣ ಮೈಲ್ಡ್ ಸ್ಟೀಲಿನಲ್ಲಿ ಮಾಡಿದರೆ ತುದಿ ಬೇಗ ಮೊಂಡಾಗುತ್ತದೆ. ಗಟ್ಟಿಗೊಳಿಸಿದ ಉಕ್ಕು ಬಳಸಿ. ಎರಡನೆಯದು ಸರ್ವೋ. ಸ್ಪ್ರಿಂಗಿನ ಪೂರ್ತಿ ಬಲ ಕೊಂಡಿಯ ಮೇಲೆ ಕೂತಿರುವಾಗ ಅದನ್ನು ಎಳೆಯಲು ಸಣ್ಣ ಸರ್ವೋಗೆ ಕಷ್ಟ. ಬೆಂಚಿನ ಮೇಲೆ ನಡೆದದ್ದು ಬ್ಯಾಟರಿ ತಣ್ಣಗಾದಾಗ ನಡೆಯದೆ ಹೋಗಬಹುದು. ಕೊಂಡಿಗೆ ಸಣ್ಣ ಬೇರಿಂಗ್ ಕೊಟ್ಟು ತಿಕ್ಕಾಟ ಕಡಿಮೆ ಮಾಡಿ. ಸ್ಪ್ರಿಂಗ್ ಒತ್ತಿದ ಸ್ಥಿತಿಯಲ್ಲಿ ಕಾರ್ಟ್ರಿಜ್ ಹಾಕುವಾಗ ಅಡ್ಡಗಟ್ಟುವ ಪಿನ್ ಒಂದು ಇರಲೇಬೇಕು. ಅದಕ್ಕೆ ಕೆಂಪು ರಿಬ್ಬನ್ ಕಟ್ಟಿ, ರಾಕೆಟ್ ಉಡಾವಣೆಯ ಹಳಿಗೇರಿದ ಮೇಲೆ ಮಾತ್ರ ತೆಗೆಯಿರಿ.

ಕಾರ್ಟ್ರಿಜ್ ಕೊಳ್ಳುವಾಗಲೂ ಕಣ್ಣಿಟ್ಟು ನೋಡಿ. ಸೋಡಾ ಮಾಡುವ 8 ಗ್ರಾಂ ಕಾರ್ಟ್ರಿಜ್‌ಗೂ ಕೇಕಿನ ಕ್ರೀಮ್ ಉಬ್ಬಿಸುವ 8 ಗ್ರಾಂ ಕಾರ್ಟ್ರಿಜ್‌ಗೂ ಹೊರನೋಟಕ್ಕೆ ಹೆಚ್ಚಿನ ವ್ಯತ್ಯಾಸವಿಲ್ಲ; ಎರಡನೆಯದರಲ್ಲಿ ಇರುವುದು ನೈಟ್ರಸ್ ಆಕ್ಸೈಡ್, ಅದು ಬೆಂಕಿಗೆ ಕುಮ್ಮಕ್ಕು ಕೊಡುವ ಅನಿಲ. ರಾಕೆಟ್ ಹತ್ತಿರ ಅದು ಸುಳಿಯಕೂಡದು.

ಗಾಳಿಕೊಡೆ

ಇಬ್ಬರಿಗೂ ಧನ್ಯವಾದಗಳು. ನಮಗೆ 2-56 ಸ್ಕ್ರೂ ಸಿಗುತ್ತಿಲ್ಲ, ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ತಂದ ಎಂ2 (2 ಮಿ.ಮೀ.) ನೈಲಾನ್ ಸ್ಕ್ರೂಗಳಿವೆ. ಅದೇ 150 ನ್ಯೂಟನ್ ಎಂದು ಹಿಡಿಯಬಹುದೇ? ಹಾಗೂ ನೆಲದ ಮೇಲಿನ ಪರೀಕ್ಷೆಯಲ್ಲಿ ಕೋಣೆ ಬಿಚ್ಚಿಕೊಂಡಿತೋ ಇಲ್ಲವೋ ಎಂಬುದರ ಹೊರತು ಇನ್ನೇನನ್ನು ಗಮನಿಸಬೇಕು?

ಟೆಕ್ಸಸ್ ಕನ್ನಡಿಗ

ಹಿಡಿಯಬೇಡಿ, ಅಳೆಯಿರಿ. ಎರಡು ಅಲ್ಯೂಮಿನಿಯಂ ಪಟ್ಟಿಗಳಿಗೆ ಒಂದೇ ಅಳತೆಯ ತೂತು ಕೊರೆದು, ಸ್ಕ್ರೂ ಹಾಯಿಸಿ, ಮೇಲಿನ ಪಟ್ಟಿಯನ್ನು ತೊಲೆಗೆ ಕಟ್ಟಿ ಕೆಳಗಿನದಕ್ಕೆ ಬಕೆಟ್ ತೂಗುಹಾಕಿ. ನಿಧಾನವಾಗಿ ನೀರು ಸುರಿಯುತ್ತ ಹೋಗಿ; ಸ್ಕ್ರೂ ತುಂಡಾದಾಗ ಬಕೆಟ್‌ನಲ್ಲಿ 15 ಲೀಟರ್ ಇದ್ದರೆ, ಬಕೆಟ್‌ನ ತೂಕವನ್ನೂ ಸೇರಿಸಿ, ನೀವು 150 ನ್ಯೂಟನ್‌ನ ಆಸುಪಾಸಿನಲ್ಲಿದ್ದೀರಿ. ಒಂದೇ ಪೊಟ್ಟಣದ ಹಲವು ಸ್ಕ್ರೂಗಳನ್ನು ಹೀಗೆ ಮುರಿದು ನೋಡಿ. ಸರಾಸರಿಗಿಂತ ಅವುಗಳ ನಡುವಿನ ಏರುಪೇರು ಎಷ್ಟು ಎಂಬುದು ಮುಖ್ಯ. ಅತಿ ಗಟ್ಟಿಯಾಗಿದ್ದ ಸ್ಕ್ರೂವಿನ ಸಂಖ್ಯೆಯನ್ನೇ ಲೆಕ್ಕಕ್ಕೆ ತೆಗೆದುಕೊಳ್ಳಿ.

ನೆಲದ ಪರೀಕ್ಷೆಗೆ ಅಡುಗೆಮನೆಯ ಡಿಜಿಟಲ್ ತಕ್ಕಡಿ ಜೊತೆಗಿರಲಿ. ಕಾರ್ಟ್ರಿಜ್‌ನ ತೂಕವನ್ನು ಮೊದಲು ಬರೆದಿಟ್ಟು, ಬಿಡುಗಡೆಯಾದ ಕೂಡಲೇ ಮೈಮೇಲೆ ಬೆಳ್ಳಗೆ ಕಟ್ಟಿದ ಹಿಮವನ್ನು ಒರೆಸಿ ಮತ್ತೆ ತೂಗಿ. 8 ಗ್ರಾಂ ಹೋಗಬೇಕಾದ ಕಡೆ 5 ಗ್ರಾಂ ಮಾತ್ರ ಹೋಗಿದ್ದರೆ, ಕೋಣೆ ಚೆನ್ನಾಗಿಯೇ ಬಿಚ್ಚಿಕೊಂಡಿದ್ದರೂ ಚುಚ್ಚಿದ ತೂತು ಚಿಕ್ಕದು ಎಂದರ್ಥ. ಕಾರ್ಬನ್ ಡೈಆಕ್ಸೈಡ್ 5.2 ಬಾರ್‌ಗಿಂತ ಕೆಳಗೆ ದ್ರವವಾಗಿ ಇರಲಾರದು. ಒತ್ತಡ ಅಷ್ಟಕ್ಕೆ ಇಳಿದ ಜಾಗದಲ್ಲಿ ಅದು ನೇರ ಹಿಮವಾಗುತ್ತದೆ, ಆ ಹಿಮ ಚಿಕ್ಕ ದಾರಿಯನ್ನು ಮುಚ್ಚುತ್ತದೆ.

ಪರೀಕ್ಷೆಯನ್ನು ಕಾರ್ಟ್ರಿಜ್‌ನ ಬಾಯಿ ಮೇಲಾಗಿಟ್ಟು ಒಮ್ಮೆ, ಕೆಳಗಾಗಿಟ್ಟು ಒಮ್ಮೆ ಮಾಡಿ. ಬಾಯಿ ಮೇಲಿದ್ದರೆ ಆವಿ ಬರುತ್ತದೆ, ಕೆಳಗಿದ್ದರೆ ದ್ರವವೇ ಮೊದಲು ಬಂದು ಹಿಮ ಹೆಚ್ಚಾಗುತ್ತದೆ. ಮೋಟರ್ ಆರಿದ ಮೇಲೆ ಗಾಳಿಯ ತಡೆಯಿಂದ ರಾಕೆಟ್ ನಿಧಾನವಾಗುವಾಗ ಒಳಗಿನ ದ್ರವ ಮೂತಿಯ ಕಡೆಗೆ ಸರಿಯುತ್ತದೆ. ತುತ್ತತುದಿಯಲ್ಲಿ ಅದಕ್ಕೆ ಮೇಲು ಕೆಳಗು ಎಂಬುದೇ ಇಲ್ಲದಿರುವುದರಿಂದ ಎರಡು ಸ್ಥಿತಿಯಲ್ಲೂ ಪಿನ್ ಮುರಿಯಬೇಕು. ಪ್ಯಾರಾಚೂಟ್, ಹಗ್ಗ ಎಲ್ಲವನ್ನೂ ಹಾರಾಟದ ದಿನ ಮಡಚುವಂತೆಯೇ ಮಡಚಿ ಒಳಗಿಟ್ಟಿರಿ.

ಉಷ್ಣತೆಯ ಬಗ್ಗೆ ಒಂದು ಮಾತು: ಕಾರ್ಟ್ರಿಜ್‌ನ ಒಳಗಿನ ಒತ್ತಡ 20 ಡಿಗ್ರಿಯಲ್ಲಿ ಸುಮಾರು 57 ಬಾರ್, 0 ಡಿಗ್ರಿಯಲ್ಲಿ 35 ಬಾರ್. 31 ಡಿಗ್ರಿ ದಾಟಿದರೆ ಒಳಗೆ ದ್ರವವೇ ಉಳಿಯುವುದಿಲ್ಲ, ಅಲ್ಲಿಂದ ಮುಂದೆ ಒತ್ತಡ ಕಡಿದಾಗಿ ಏರುತ್ತದೆ. ದಾವಣಗೆರೆಯ ಏಪ್ರಿಲ್ ಬಿಸಿಲಿನಲ್ಲಿ ನಿಂತ ಕಾರಿನೊಳಗೆ ಇವನ್ನು ಬಿಟ್ಟುಹೋಗಬೇಡಿ.

ಅಂಚೆಪೆಟ್ಟಿಗೆ

ತಾಂತ್ರಿಕ ವಿಷಯದಲ್ಲಿ ನಾನು ಬಾಯಿ ಹಾಕುವುದಿಲ್ಲ, ಕಾಗದಪತ್ರದ ಬಗ್ಗೆ ಮಾತ್ರ ಹೇಳುತ್ತೇನೆ. ಮಾರ್ಗದರ್ಶಕರು ಕರಿಮದ್ದು ಬೇಡವೆಂದದ್ದು ಸರಿಯಾಗಿಯೇ ಇದೆ. ಅದು 1884ರ ಸ್ಫೋಟಕಗಳ ಕಾಯ್ದೆ ಮತ್ತು 2008ರ ಸ್ಫೋಟಕಗಳ ನಿಯಮಗಳ ವ್ಯಾಪ್ತಿಗೆ ಬರುವ ವಸ್ತು. ವಿದ್ಯಾರ್ಥಿಗಳು ತಂದು ಹಾಸ್ಟೆಲಿನಲ್ಲಿ ಇಟ್ಟುಕೊಳ್ಳುವಂಥದ್ದಲ್ಲ. ಪಟಾಕಿ ಬಿಚ್ಚಿ ಮದ್ದು ತೆಗೆಯುವ ಯೋಚನೆ ಯಾರಿಗಾದರೂ ಬಂದಿದ್ದರೆ ಅದನ್ನು ಅಲ್ಲಿಗೇ ಬಿಡಿ. ಅದರಲ್ಲಿರುವುದು ಕರಿಮದ್ದೇ ಆಗಿರಬೇಕೆಂದಿಲ್ಲ, ಉಜ್ಜಿದರೆ ಸಿಡಿಯುವ ಮಿಶ್ರಣವೂ ಇರುತ್ತದೆ. ಕಾರ್ಟ್ರಿಜ್ ವಿಷಯದಲ್ಲಿ ನೀವು ಸುಖಿಗಳು: 2016ರ ಅನಿಲ ಸಿಲಿಂಡರ್ ನಿಯಮಗಳು 500 ಮಿಲಿಲೀಟರ್‌ಗಿಂತ ದೊಡ್ಡ ಪಾತ್ರೆಗಳಿಗೆ ಅನ್ವಯಿಸುತ್ತವೆ, ನಿಮ್ಮದು ಅದರ ಹತ್ತಿರಕ್ಕೂ ಬರುವುದಿಲ್ಲ. ಆದರೆ ವಿಮಾನದಲ್ಲಿ ಅದು ಅಪಾಯಕಾರಿ ಸರಕು. ಸ್ಪರ್ಧೆಗೆ ಬೇರೆ ಊರಿಗೆ ಹೋಗುವುದಾದರೆ ಅಲ್ಲಿಯೇ ಕೊಳ್ಳುವ ಏರ್ಪಾಡು ಮಾಡಿ, ಅಥವಾ ವಿಮಾನ ಸಂಸ್ಥೆಯಿಂದ ಮೊದಲೇ ಲಿಖಿತ ಒಪ್ಪಿಗೆ ಪಡೆಯಿರಿ. ಹಾರಿಸುವ ಜಾಗದ ಅನುಮತಿ ಇದೆಲ್ಲದರಿಂದ ಬೇರೆಯೇ ವಿಷಯ.

ಏರೊತ್ತಡ

ಯಾರೂ ಎತ್ತದ ಒಂದು ಅಂಶವಿದೆ. ನಿಮ್ಮ ಆಲ್ಟಿಮೀಟರ್ ಎತ್ತರವನ್ನು ತಿಳಿಯುವುದು ಗಾಳಿಯ ಒತ್ತಡದಿಂದ. ಕರಿಮದ್ದಿನ ಒತ್ತಡ ಕ್ಷಣಮಾತ್ರ ಇದ್ದು ಹೋಗುತ್ತದೆ. ಕಾರ್ಟ್ರಿಜ್‌ನಿಂದ ಅನಿಲ ಬರುವುದು ಅದಕ್ಕಿಂತ ನಿಧಾನ, ಒತ್ತಡ ನಿಲ್ಲುವುದೂ ಹೆಚ್ಚು ಹೊತ್ತು. ಸರ್ವೋ ತಂತಿ ಹಾದುಹೋಗುವ ತೂತಿನಿಂದ ಆ ಅನಿಲ ಎಲೆಕ್ಟ್ರಾನಿಕ್ಸ್ ಕೋಣೆಗೆ ಸೋರಿದರೆ, ಒತ್ತಡ ಹೆಚ್ಚಿದ್ದನ್ನು ಕಂಡ ಆಲ್ಟಿಮೀಟರ್ ರಾಕೆಟ್ ನೆಲದ ಸಮೀಪಕ್ಕೆ ಬಂದಿದೆಯೆಂದು ತಿಳಿದು, 3 ಕಿಲೋಮೀಟರ್ ಎತ್ತರದಲ್ಲಿಯೇ ದೊಡ್ಡ ಪ್ಯಾರಾಚೂಟನ್ನು ಬಿಡಬಹುದು. ಆಮೇಲೆ ಗಾಳಿ ಅದನ್ನು ಯಾವ ತಾಲೂಕಿಗೆ ಒಯ್ಯುತ್ತದೋ ಅಲ್ಲಿಗೆ ಹೋಗಿ ತರಬೇಕು. ತಂತಿಯ ತೂತುಗಳನ್ನು ಎಪಾಕ್ಸಿಯಿಂದ ಮುಚ್ಚಿ, ಅಡ್ಡಗೋಡೆಗೆ ಓ-ರಿಂಗ್ (ಸೋರಿಕೆ ತಡೆಯುವ ರಬ್ಬರ್ ಉಂಗುರ) ಕೊಡಿ. ನೆಲದ ಪರೀಕ್ಷೆಯ ವೇಳೆ ಆಲ್ಟಿಮೀಟರನ್ನು ಚಾಲೂ ಇಟ್ಟು ಅದರ ಒತ್ತಡದ ದಾಖಲೆಯನ್ನು ತೆಗೆದು ನೋಡಿ.

ಎರಡು ಸ್ವತಂತ್ರ ಆಲ್ಟಿಮೀಟರ್‌ಗಳಿಗೆ ಎರಡು ಬೇರೆ ಬೇರೆ ಕಾರ್ಟ್ರಿಜ್‌ಗಳನ್ನು ಕೊಡುವುದಾದರೆ, ಎರಡನೆಯದನ್ನು ಒಂದೆರಡು ಸೆಕೆಂಡ್ ತಡವಾಗಿ ಬಿಡುವಂತೆ ಹೊಂದಿಸಿ. ಎರಡೂ ಒಟ್ಟಿಗೆ ಬಿಟ್ಟರೆ ಅಡ್ಡಗೋಡೆಯ ಮೇಲೆ ಬೀಳುವ ಬಲ ಲೆಕ್ಕಕ್ಕಿಂತ ಬಹಳ ಹೆಚ್ಚಾಗುತ್ತದೆ.

ಗಾಳಿಕೊಡೆ

ಡ್ರೋಗ್‌ಗೆ 8, ದೊಡ್ಡದಕ್ಕೆ 16 ಗ್ರಾಂ ಎಂದು ನಿಶ್ಚಯಿಸಿ ಸ್ಪ್ರಿಂಗ್–ಸರ್ವೋ ರಚನೆಯ ಚಿತ್ರ ಬರೆಯಲು ಆರಂಭಿಸಿದ್ದೇವೆ. ಬಕೆಟ್ ಪರೀಕ್ಷೆಯ ಅಂಕಿಗಳು ಬಂದ ಮೇಲೆ ಪಿನ್‌ಗಳ ಸಂಖ್ಯೆಯನ್ನು ಮತ್ತೆ ಲೆಕ್ಕ ಹಾಕಿ, ಚಿತ್ರದ ಜೊತೆಗೆ ಇಲ್ಲಿಯೇ ಹಾಕುತ್ತೇವೆ. ಪೀಣ್ಯದವರು ಮೊಳೆಯ ಅಳತೆಯನ್ನು ಒಮ್ಮೆ ನೋಡಿಕೊಟ್ಟರೆ ಒಳ್ಳೆಯದು.

ಪೀಣ್ಯದ ಲೇತ್

ಹಾಕಿ, ನೋಡೋಣ. ಕಾರ್ಟ್ರಿಜ್ ಕೂರುವ ಭಾಗದ ಥ್ರೆಡ್ (ತಿರುಪಿನ ಗೆರೆ) ಯಾವುದೆಂದು ಚಿತ್ರದಲ್ಲಿ ಬರೆದಿರಿ. ಸೈಕಲ್‌ನ 16 ಗ್ರಾಂ ಕಾರ್ಟ್ರಿಜ್‌ಗಳ ಕುತ್ತಿಗೆಯಲ್ಲಿ ಸಾಮಾನ್ಯವಾಗಿ ಥ್ರೆಡ್ ಇರುತ್ತದೆ, ಸೋಡಾದ 8 ಗ್ರಾಂನಲ್ಲಿ ಇರುವುದಿಲ್ಲ. ಆದ್ದರಿಂದ ಎರಡಕ್ಕೂ ಒಂದೇ ಹಿಡಿಕೆ ಆಗುವುದಿಲ್ಲ.